ಫ್ರೀಜರಿಗೆ ನಲ್ಲಿ ಕೂರಿಸಿದಾಗ

ಬೇಕರಿಗಳ ಮುಂದೆ ಐಸ್‌ಕ್ರೀಮ್ ಇಟ್ಟಿರುವ ಉದ್ದನೆಯ ಪೆಟ್ಟಿಗೆಯನ್ನು ನೀವು ನೋಡಿಯೇ ಇರುತ್ತೀರಿ. ಮನೆಯ ಫ್ರಿಜ್‌ನಂತೆ ಅದರ ಬಾಗಿಲು ಪಕ್ಕಕ್ಕೆ ತೆರೆಯುವುದಿಲ್ಲ, ಟ್ರಂಕಿನ ಮುಚ್ಚಳದಂತೆ ಮೇಲಕ್ಕೆ ತೆರೆಯುತ್ತದೆ. ನಮ್ಮಲ್ಲಿ ಇದನ್ನು ಡೀಪ್ ಫ್ರೀಜರ್ ಎನ್ನುತ್ತೇವೆ, ಅಮೆರಿಕದಲ್ಲಿ ಚೆಸ್ಟ್ ಫ್ರೀಜರ್ ಎನ್ನುತ್ತಾರೆ. ಅಂಗಡಿಯವನು ಗಿರಾಕಿಯೊಡನೆ ಮಾತಾಡುತ್ತ ಮುಚ್ಚಳವನ್ನು ಒಂದೆರಡು ನಿಮಿಷ ತೆರೆದೇ ಇಟ್ಟರೂ ಒಳಗಿನ ತಂಪು ಹೊರಟುಹೋಗುವುದಿಲ್ಲ. ತಣ್ಣನೆಯ ಗಾಳಿ ಬಿಸಿ ಗಾಳಿಗಿಂತ ಭಾರ. ಬಾಯಿ ಮೇಲಿರುವ ಪಾತ್ರೆಯಲ್ಲಿ ನೀರು ನಿಲ್ಲುವಂತೆ ಅದು ಪೆಟ್ಟಿಗೆಯಲ್ಲಿ ನಿಂತಿರುತ್ತದೆ.

ಈ ಪೆಟ್ಟಿಗೆಯನ್ನು ಅಮೆರಿಕದ ಗೃಹಸ್ಥರು ಒಂದು ವಿಚಿತ್ರ ಕೆಲಸಕ್ಕೆ ಬಳಸುತ್ತಾರೆ. ಮನೆಯಲ್ಲೇ ತಯಾರಿಸಿದ ಬಿಯರನ್ನು ಉಕ್ಕಿನ ಪೀಪಾಯಿಗಳಲ್ಲಿ ತುಂಬಿ, ಪೀಪಾಯಿಗಳನ್ನು ಫ್ರೀಜರಿನೊಳಗೆ ನಿಲ್ಲಿಸಿ, ಮೇಲಂಚಿಗೆ ನಲ್ಲಿಗಳನ್ನು ಕೂರಿಸಿಕೊಳ್ಳುತ್ತಾರೆ. ಪೀಪಾಯಿಗೆ ಅಲ್ಲಿ ಕೆಗ್ ಎಂಬ ಹೆಸರು. ಕೆಗ್ ಮತ್ತು ಫ್ರೀಜರ್ ಎರಡನ್ನೂ ಕೂಡಿಸಿ ಈ ಯಂತ್ರವನ್ನು ಕೀಜರ್ ಎಂದು ಕರೆಯುತ್ತಾರೆ. ನಾನು ಕುಡಿಯುವವನಲ್ಲ. ಆದರೂ 2019ರ ಬೇಸಿಗೆಯಲ್ಲಿ ತಂಗಿಯ ಮಗನ ಮನೆಗೆಂದು ಆರೆಗನ್ ರಾಜ್ಯದ ಪೋರ್ಟ್‌ಲೆಂಡಿಗೆ ಹೋಗಿದ್ದಾಗ ಒಂದು ತಿಂಗಳು ಈ ಯಂತ್ರದ ಸಹವಾಸ ಮಾಡಬೇಕಾಯಿತು. ಉಷ್ಣ, ಒತ್ತಡ, ಅನಿಲಗಳ ಕರಗುವಿಕೆ ಇವೆಲ್ಲವನ್ನೂ ಇಷ್ಟು ಚಿಕ್ಕ ಜಾಗದಲ್ಲಿ ಒಟ್ಟಿಗೆ ತೋರಿಸುವ ಇನ್ನೊಂದು ಮನೆಬಳಕೆಯ ವಸ್ತು ನನಗೆ ತಿಳಿದಿಲ್ಲ. ಇದರಲ್ಲಿ ಒಂದು ಅಪಾಯವೂ ಅಡಗಿದೆ. ಈ ಲೇಖನ ಬರೆಯಲು ಮುಖ್ಯವಾಗಿ ಅದೇ ಕಾರಣ.

ಕಾನೂನಿನ ಮಾತೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ಕೊನೆಗೊಂಡಿತು. ಆದರೂ ಮನೆಯಲ್ಲಿ ಬಿಯರ್ ತಯಾರಿಸಲು ಕೇಂದ್ರ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಸಹಿಯೊಂದಿಗೆ. ಅದೂ ಸ್ವಂತ ಬಳಕೆಗೆ ಮಾತ್ರ, ಮಾರಾಟಕ್ಕಲ್ಲ. ನಮ್ಮ ರಾಜ್ಯದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಓದುಗರು ಇದನ್ನು ಪಾಕವಿಧಾನವೆಂದು ತಿಳಿಯದೆ ಭೌತವಿಜ್ಞಾನದ ಪಾಠವೆಂದು ಓದಬೇಕು.

ಕೊರೆಯಬಾರದ ಗೋಡೆ

ನಲ್ಲಿ ಕೂರಿಸಲು ಪೆಟ್ಟಿಗೆಗೆ ರಂಧ್ರ ಬೇಕು. ಎಲ್ಲಿ ಕೊರೆಯುವುದು? ಹಳೆಯ ಫ್ರಿಜ್‌ನ ಬೆನ್ನ ಹಿಂದೆ ಕಪ್ಪು ಕೊಳವೆಗಳ ಜಾಲವಿರುವುದು ನಿಮಗೆ ಗೊತ್ತು. ಒಳಗಿನಿಂದ ಹೀರಿದ ಉಷ್ಣವನ್ನು ಶೀತಕ ದ್ರವ್ಯ ಅಲ್ಲಿ ಹೊರಕ್ಕೆ ಬಿಡುತ್ತದೆ. ಹೆಚ್ಚಿನ ಚೆಸ್ಟ್ ಫ್ರೀಜರುಗಳಲ್ಲಿ ಆ ಜಾಲ ಕಾಣಿಸುವುದಿಲ್ಲ, ಹೊರಗೋಡೆಯ ತಗಡಿನ ಹಿಂದೆಯೇ ಅಂಟಿಕೊಂಡಿರುತ್ತದೆ. ಯಂತ್ರ ಓಡುವಾಗ ಹೊರಮೈ ಮುಟ್ಟಿದರೆ ಬೆಚ್ಚಗಿರುವುದು ಇದಕ್ಕಾಗಿಯೇ. ಒಳಗೋಡೆಯ ಹಿಂದೆ ತಣ್ಣನೆಯ ಕೊಳವೆಗಳಿವೆ. ಎರಡರ ನಡುವೆ ಉಷ್ಣನಿರೋಧಕ ನೊರೆಪದಾರ್ಥ. ಎಲ್ಲಿ ಡ್ರಿಲ್ ಇಟ್ಟರೂ ಕೊಳವೆಗೆ ತೂತು ಬೀಳುವ ಸಂಭವವಿದೆ. ತೂತು ಬಿದ್ದರೆ ಶೀತಕವೆಲ್ಲ ಹೊರಟುಹೋಗಿ ಫ್ರೀಜರ್ ಬರೀ ಪೆಟ್ಟಿಗೆಯಾಗುತ್ತದೆ. ಈಚಿನ ಬಹಳಷ್ಟು ಫ್ರೀಜರುಗಳಲ್ಲಿ ಶೀತಕವಾಗಿ ಐಸೋಬ್ಯೂಟೇನ್ ಇರುತ್ತದೆ. ಅದು ಸಿಗರೇಟು ಲೈಟರಿನ ಅನಿಲದ ಹತ್ತಿರದ ಬಂಧು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ.

ಅನುಭವಸ್ಥರು ಇದಕ್ಕೆ ಸರಳವಾದ ಉಪಾಯ ಕಂಡುಕೊಂಡಿದ್ದಾರೆ. ಮುಚ್ಚಳವನ್ನು ಬಿಚ್ಚಿ, ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವೆ ಒಂದು ಗೇಣಿಗಿಂತ ಕಡಿಮೆ ಎತ್ತರದ ಮರದ ಚೌಕಟ್ಟನ್ನು ಕೂರಿಸುತ್ತಾರೆ. ನಲ್ಲಿಗಳಿಗೂ ಅನಿಲದ ಕೊಳವೆಗೂ ಬೇಕಾದ ರಂಧ್ರಗಳೆಲ್ಲ ಆ ಮರದಲ್ಲಿ. ಫ್ರೀಜರಿನ ಮೈಗೆ ಒಂದು ಗೆರೆಯೂ ಬೀಳುವುದಿಲ್ಲ. ಪೆಟ್ಟಿಗೆಯ ಎತ್ತರವೂ ಹೆಚ್ಚುತ್ತದೆ. ಒಂದು ಕಾಲದಲ್ಲಿ ತಂಪು ಪಾನೀಯಗಳ ವ್ಯಾಪಾರಕ್ಕೆ ಬಳಕೆಯಾಗುತ್ತಿದ್ದ 19 ಲೀಟರಿನ ಪೀಪಾಯಿಗಳೇ ಇಂದು ಮನೆ ಬಿಯರಿನವರ ಆಸ್ತಿ. ಅವು ಎರಡು ಅಡಿಗಿಂತ ತುಸು ಹೆಚ್ಚು ಎತ್ತರವಾದ್ದರಿಂದ ಆ ಗೇಣು ಜಾಗ ಉಪಯೋಗಕ್ಕೆ ಬರುತ್ತದೆ.

ತಂಪಾಗಬೇಕಾದ್ದು ಗಾಳಿಯಲ್ಲ

ಫ್ರೀಜರನ್ನು ತಯಾರಿಸುವುದು ಮೈನಸ್ 18 ಡಿಗ್ರಿ ಸೆಲ್ಸಿಯಸ್ಸಿಗೆ. ಬಿಯರಿಗೆ ಬೇಕಾದ್ದು 4 ಡಿಗ್ರಿಯ ಆಸುಪಾಸು. ಮೈನಸ್ 2 ಡಿಗ್ರಿ ದಾಟಿದರೆ ಅದು ಹೆಪ್ಪುಗಟ್ಟತೊಡಗುತ್ತದೆ. ಫ್ರೀಜರಿನ ಸ್ವಂತ ಗುಂಡಿಯನ್ನು ಎಷ್ಟು ತಿರುಗಿಸಿದರೂ ಅದು 4 ಡಿಗ್ರಿಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಹೊರಗಿನಿಂದ ಒಂದು ತಾಪ ನಿಯಂತ್ರಕವನ್ನು ಜೋಡಿಸುತ್ತಾರೆ. ಫ್ರೀಜರಿನ ಪ್ಲಗ್ ನಿಯಂತ್ರಕಕ್ಕೆ, ನಿಯಂತ್ರಕದ ಪ್ಲಗ್ ಗೋಡೆಗೆ. ಅದರ ಸಂವೇದಕ ತಂತಿ ಪೆಟ್ಟಿಗೆಯೊಳಗಿನ ತಾಪ ನೋಡುತ್ತ, ಏರಿದಾಗ ವಿದ್ಯುತ್ತನ್ನು ಕೊಟ್ಟು ಇಳಿದಾಗ ಕಡಿಯುತ್ತದೆ.

ಸಂವೇದಕವನ್ನು ಎಲ್ಲಿಡಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಗಾಳಿಯಲ್ಲಿ ತೂಗುಬಿಡುವುದು ಸಹಜವೆಂದು ತೋರುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. 200 ಲೀಟರಿನ ಪೆಟ್ಟಿಗೆಯಲ್ಲಿರುವ ಗಾಳಿಯ ತೂಕ ಕಾಲು ಕಿಲೋಗ್ರಾಮಿನಷ್ಟು. ಅಷ್ಟನ್ನೂ 30 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಉಷ್ಣ 6 ಕಿಲೋಜೂಲಿಗಿಂತ ಸ್ವಲ್ಪ ಹೆಚ್ಚು. ಗಾಳಿಯಲ್ಲಿ ತೇವ ಚೆನ್ನಾಗಿದ್ದರೆ, ಅಂದರೆ ಆರ್ದ್ರತೆ ಶೇಕಡ 70ರಷ್ಟಿದ್ದರೆ, ಸುಮಾರು 3 ಗ್ರಾಂ ಆವಿ ನೀರಾಗುತ್ತದೆ. ಅದರ ಗುಪ್ತೋಷ್ಣ 7 ಕಿಲೋಜೂಲ್. ಎರಡೂ ಸೇರಿ 13 ಅಥವಾ 14. ಒಂದು ಲೋಟ, ಎಂದರೆ 200 ಮಿಲಿಲೀಟರ್ ನೀರನ್ನು ಅಷ್ಟೇ ತಂಪು ಮಾಡಲು ಸುಮಾರು 22 ಕಿಲೋಜೂಲ್ ತೆಗೆಯಬೇಕು. ಮುಚ್ಚಳ ತೆರೆದಾಗ ಒಳಗಿನ ಗಾಳಿಯೆಲ್ಲ ಬದಲಾದರೂ ಆಗುವ ನಷ್ಟ ಒಂದು ಲೋಟ ನೀರಿಗಿಂತ ಕಡಿಮೆ! ಮೇಲೆ ತೆರೆಯುವ ಪೆಟ್ಟಿಗೆ ವಿದ್ಯುತ್ತನ್ನು ಉಳಿಸುವುದು ತಂಪುಗಾಳಿ ಚೆಲ್ಲದಿರುವುದರಿಂದ ಎಂದು ನಾನೂ ತರಗತಿಯಲ್ಲಿ ಹೇಳುತ್ತಿದ್ದೆ. ಲೆಕ್ಕ ಹಾಕಿದ ಮೇಲೆ ಆ ಮಾತನ್ನು ತಿದ್ದಿಕೊಂಡಿದ್ದೇನೆ. ದಪ್ಪ ಗೋಡೆಯದೂ ಸೋರದ ರಬ್ಬರ್ ಅಂಚಿನದೂ ಪಾಲು ಅದಕ್ಕಿಂತ ದೊಡ್ಡದು.

ಪೀಪಾಯಿಯ ಕಥೆ ಬೇರೆ. 19 ಲೀಟರ್ ಬಿಯರಿನ ತಾಪ ಒಂದೇ ಒಂದು ಡಿಗ್ರಿ ಇಳಿಯಲು 80 ಕಿಲೋಜೂಲ್ ಹೊರಹೋಗಬೇಕು. 20 ಡಿಗ್ರಿಯಿಂದ 4ಕ್ಕೆ ಇಳಿಯಲು ಸುಮಾರು 1,300 ಕಿಲೋಜೂಲ್. ಸೆಕೆಂಡಿಗೆ 100 ಜೂಲಿನಂತೆ ಉಷ್ಣ ತೆಗೆಯುವ ಯಂತ್ರಕ್ಕೆ ಒಂದು ಪೀಪಾಯಿಗೇ ಮೂರೂವರೆ ಗಂಟೆ ಬೇಕು. ಗಾಳಿ ಕ್ಷಣದಲ್ಲಿ ತಣಿದು ಕ್ಷಣದಲ್ಲಿ ಬೆಚ್ಚಗಾಗುತ್ತದೆ, ದ್ರವ ನಿಧಾನಸ್ಥ. ಸಂವೇದಕ ಗಾಳಿಯಲ್ಲಿದ್ದರೆ ಕಂಪ್ರೆಸರು ನಿಮಿಷಕ್ಕೊಮ್ಮೆ ಹೊತ್ತಿ ಆರುತ್ತದೆ. ನಿಂತ ಕೂಡಲೆ ಮತ್ತೆ ಹೊರಟರೆ ಮೋಟಾರಿಗೆ ವಿಪರೀತ ಭಾರ ಬೀಳುತ್ತದೆ, ಏಕೆಂದರೆ ಶೀತಕದ ಎರಡು ಬದಿಯ ಒತ್ತಡಗಳು ಸಮವಾಗಲು ಕೆಲವು ನಿಮಿಷ ಬೇಕು. ನಮ್ಮ ಫ್ರಿಜ್‌ನ ಸ್ಟೆಬಿಲೈಸರು ಕರೆಂಟು ಬಂದ ಮೇಲೂ ಮೂರು ನಿಮಿಷ ಕಾಯುವುದು ಇದಕ್ಕಾಗಿಯೇ. ಸಂವೇದಕವನ್ನು ಪೀಪಾಯಿಯ ಮೈಗೆ ಒತ್ತಿ ಟೇಪು ಸುತ್ತಿ, ಮೇಲೊಂದು ತುಂಡು ಥರ್ಮೊಕೋಲ್ ಹೊದಿಸಿದರೆ ಅದು ನೋಡುವುದು ಬಿಯರಿನ ತಾಪವನ್ನು. ಆಗ ಯಂತ್ರ ಗಂಟೆಗಟ್ಟಲೆ ಸುಮ್ಮನಿರುತ್ತದೆ.

ನೊರೆಯ ಲೆಕ್ಕ

ನಾನು ಹೋದ ಎರಡನೆಯ ದಿನವೇ ಅಳಿಯ ನನ್ನನ್ನು ನೆಲಮಾಳಿಗೆಗೆ ಕರೆದೊಯ್ದ. "ಮಾಮಾ, ಗ್ಲಾಸ್ ತುಂಬ ಬರೇ ನೊರೀನ ಬರ್ಲಿಕ್ಕತ್ತದ. ನಿಮ್ಮ ಫಿಸಿಕ್ಸ್ ಏನಂತದ ನೋಡ್ರಿ" ಎಂದ.

ಬಿಯರಿನ ಗುಳ್ಳೆ ಕಾರ್ಬನ್ ಡೈಆಕ್ಸೈಡಿನದು. ಸೋಡದ್ದೂ ಅದೇ. ಪೀಪಾಯಿಯ ಪಕ್ಕದಲ್ಲಿ ಆ ಅನಿಲದ ಸಿಲಿಂಡರು, ಅದರ ತಲೆಯ ಮೇಲೆ ಒತ್ತಡ ತಗ್ಗಿಸುವ ರೆಗ್ಯುಲೇಟರು. ಅನಿಲಕ್ಕೆ ಇಲ್ಲಿ ಎರಡು ಕೆಲಸ: ಬಿಯರಿನಲ್ಲಿ ಕರಗುವುದು, ಬಿಯರನ್ನು ನಲ್ಲಿಯತ್ತ ತಳ್ಳುವುದು. ದ್ರವದಲ್ಲಿ ಅನಿಲ ಕರಗುವ ಪ್ರಮಾಣ ಅದರ ಮೇಲಿನ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ ಎಂದು ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿದ. ತಾಪ ಏರಿದರೆ ಕರಗುವಿಕೆ ತಗ್ಗುತ್ತದೆ. ಬೈಕಿನ ಟೈರಿಗೆ ಗಾಳಿ ಹಾಕುವವನು ಹೇಳುವ 'ಪೌಂಡಿನ' ಲೆಕ್ಕದಲ್ಲಿ, 3-4 ಡಿಗ್ರಿಯಲ್ಲಿರುವ ಬಿಯರಿಗೆ 12 ಪೌಂಡ್ ಒತ್ತಡ ಕೊಟ್ಟರೆ ಲೀಟರಿಗೆ ಸುಮಾರು ಎರಡೂವರೆ ಲೀಟರ್ ಅನಿಲ ಕರಗುತ್ತದೆ. ಅಷ್ಟನ್ನೇ 20 ಡಿಗ್ರಿಯಲ್ಲಿ ಹಿಡಿದಿಡಲು 27-28 ಪೌಂಡ್ ಬೇಕು. ಹಾಗಾದರೆ 12 ಪೌಂಡಿನ ತಣ್ಣನೆಯ ಬಿಯರು ದಾರಿಯಲ್ಲಿ ಬೆಚ್ಚನೆಯ ಜಾಗ ಕಂಡರೆ ಏನಾಗುತ್ತದೆ? ಹೆಚ್ಚಿನ ಅನಿಲ ಅಲ್ಲೇ ಗುಳ್ಳೆಯಾಗಿ ಹೊರಬರುತ್ತದೆ.

ಒಂದು ತಾಪಮಾಪಕವನ್ನು ದಾರಕ್ಕೆ ಕಟ್ಟಿ ಪೆಟ್ಟಿಗೆಯೊಳಕ್ಕೆ ಇಳಿಬಿಟ್ಟೆವು. ತಳದಲ್ಲಿ 2 ಡಿಗ್ರಿ, ನಲ್ಲಿಯ ಕೊಳವೆಗಳು ಸುತ್ತಿಕೊಂಡಿದ್ದ ಮೇಲಂಚಿನಲ್ಲಿ 8. ತಣ್ಣನೆಯದು ತಳದಲ್ಲಿ, ಬೆಚ್ಚನೆಯದು ಮೇಲೆ, ಪದರ ಪದರವಾಗಿ ನಿಂತುಬಿಟ್ಟಿತ್ತು. ಕಂಪ್ಯೂಟರಿನಿಂದ ಕಿತ್ತ ಒಂದು ಪುಟ್ಟ ಫ್ಯಾನನ್ನು ತಳದಿಂದ ಮೇಲಕ್ಕೆ ಊದುವಂತೆ ಇಟ್ಟ ಮೇಲೆ ವ್ಯತ್ಯಾಸ ಒಂದು ಡಿಗ್ರಿಗೆ ಇಳಿಯಿತು. ಈ ಪದರಗಳ ವಿಷಯ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಚೆನ್ನಾಗಿ ಗೊತ್ತು. ಲಸಿಕೆ ಇಡುವ ಐಎಲ್‌ಆರ್ ಪೆಟ್ಟಿಗೆಯೂ ಮೇಲಕ್ಕೆ ತೆರೆಯುವಂಥದೇ. ಹೆಪ್ಪುಗಟ್ಟಿದರೆ ಕೆಡುವ ಹೆಪಟೈಟಿಸ್-ಬಿಯಂಥ ಲಸಿಕೆಗಳನ್ನು ಅವರು ತಳದಲ್ಲಿಡದೆ ಮೇಲಿನ ಬುಟ್ಟಿಯಲ್ಲಿಡುತ್ತಾರೆ.

ನೊರೆ ಕಡಿಮೆಯಾಯಿತು, ನಿಲ್ಲಲಿಲ್ಲ. ಎರಡನೆಯ ತಪ್ಪು ಕೊಳವೆಯ ಉದ್ದದಲ್ಲಿತ್ತು. ಪೀಪಾಯಿಯಲ್ಲಿ 12 ಪೌಂಡಿನಷ್ಟಿರುವ ಹೆಚ್ಚುವರಿ ಒತ್ತಡ ನಲ್ಲಿಯ ಬಾಯಲ್ಲಿ ಸೊನ್ನೆಯಾಗಲೇಬೇಕು. ಅದು ಕೊಳವೆಯುದ್ದಕ್ಕೂ ಘರ್ಷಣೆಯಿಂದ ಸ್ವಲ್ಪ ಸ್ವಲ್ಪವಾಗಿ ಕರಗಿದರೆ ಬಿಯರು ಸಾವಧಾನವಾಗಿ ಬರುತ್ತದೆ. ಕೊಳವೆ ಗಿಡ್ಡವಾಗಿದ್ದರೆ ಹರಿವಿನ ವೇಗ ಹೆಚ್ಚಿ, ನಲ್ಲಿಯ ಇಕ್ಕಟ್ಟಿನಲ್ಲಿ ಒತ್ತಡ ಒಮ್ಮೆಲೆ ಬೀಳುತ್ತದೆ. ಅಲ್ಲಿ ನೊರೆ. ಅಳಿಯ ಕೊಂಡ ಸಾಮಾನಿನ ಜೊತೆ ಬಂದಿದ್ದ ಕೊಳವೆ ಒಂದೂವರೆ ಮೀಟರಿನದು. ಒಳವ್ಯಾಸ 5 ಮಿಲಿಮೀಟರಿಗಿಂತ ತುಸು ಕಡಿಮೆ. ಅದೇ ವ್ಯಾಸದ 3 ಮೀಟರ್ ಕೊಳವೆ ಹಾಕಿದೆವು. ಅರ್ಧ ಲೀಟರ್ ತುಂಬಲು ಹತ್ತು ಸೆಕೆಂಡು ಹಿಡಿಯತೊಡಗಿತು, ಮೇಲೆ ಎರಡು ಬೆರಳಿನಷ್ಟೇ ನೊರೆ. ಲೋಟ ಬೇಗ ತುಂಬಲೆಂದು ದಪ್ಪ ಕೊಳವೆ ಹಾಕುವವರುಂಟು. ವ್ಯಾಸ ಇಮ್ಮಡಿಯಾದರೆ ಅಷ್ಟೇ ಹರಿವಿಗೆ ಕೊಳವೆ ಒಡ್ಡುವ ತಡೆ ಹದಿನಾರು ಪಟ್ಟಿಗೂ ಹೆಚ್ಚು ತಗ್ಗುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಪೆಟ್ಟಿಗೆ ತುಂಬಿದ ಬೆಳಗು

ಎರಡನೆಯ ವಾರ ಸಿಲಿಂಡರು ಮುಗಿಯಿತು. ಅಳಿಯ 5 ಪೌಂಡ್ ತೂಕದ, ಅಂದರೆ 2.27 ಕಿಲೋಗ್ರಾಂ ಅನಿಲ ತುಂಬಿದ ಸಿಲಿಂಡರನ್ನು ತಂದು, ಮೊದಲಿದ್ದಂತೆ ಫ್ರೀಜರಿನೊಳಗೇ ಪೀಪಾಯಿಗಳ ಪಕ್ಕ ನಿಲ್ಲಿಸಿ, ರೆಗ್ಯುಲೇಟರ್ ಬಿಗಿದು ರಾತ್ರಿ ಮುಚ್ಚಳ ಹಾಕಿದ. ಬೆಳಿಗ್ಗೆ ಇಬ್ಬರೂ ಕೆಳಗಿಳಿದೆವು. ಮುಚ್ಚಳ ತೆಗೆದಾಗ ಸಿಲಿಂಡರಿನ ಒತ್ತಡ ತೋರುವ ಮುಳ್ಳು ಸೊನ್ನೆಯ ಮೇಲೆ ಕೂತಿತ್ತು.

ಈ ಸೊನ್ನೆಯ ಅರ್ಥ ತಿಳಿಯಬೇಕಾದರೆ ನಮ್ಮ ಅಡುಗೆ ಗ್ಯಾಸ್ ಸಿಲಿಂಡರನ್ನು ನೆನೆಯಬೇಕು. ಅಲ್ಲಿಯಂತೆ ಇಲ್ಲಿಯೂ ಒಳಗಿರುವುದು ಬಹುಪಾಲು ದ್ರವ. ದ್ರವದ ಒಂದು ಹನಿ ಉಳಿದಿರುವವರೆಗೂ ಅದರ ಆವಿಯ ಒತ್ತಡ ತಾಪವನ್ನಷ್ಟೇ ಅವಲಂಬಿಸುತ್ತದೆ. ಕಾರ್ಬನ್ ಡೈಆಕ್ಸೈಡಿಗೆ 20 ಡಿಗ್ರಿಯಲ್ಲಿ ಅದು ವಾಯುಮಂಡಲದ ಒತ್ತಡದ 57 ಪಟ್ಟು, 4 ಡಿಗ್ರಿಯಲ್ಲಿ 39 ಪಟ್ಟು. ಎಷ್ಟು ಉಳಿದಿದೆ ಎಂಬುದನ್ನು ಮುಳ್ಳು ಹೇಳಲಾರದು, ತೂಗಿಯೇ ನೋಡಬೇಕು. ಆದರೆ ಮುಳ್ಳು ಸೊನ್ನೆಗೆ ಬಂದಿದೆ ಎಂದರೆ ದ್ರವವೂ ಇಲ್ಲ, ಆವಿಯೂ ಇಲ್ಲ. 2.27 ಕಿಲೋಗ್ರಾಮೂ ರಾತ್ರಿಯಲ್ಲಿ ಹೊರಗೆ ಬಂದಿದೆ.

ಅಳಿಯ ಸಿಲಿಂಡರನ್ನು ಎತ್ತಲು ಪೆಟ್ಟಿಗೆಯೊಳಕ್ಕೆ ಬಗ್ಗತೊಡಗಿದ. ನಾನು ಅವನ ಅಂಗಿಯ ಕಾಲರ್ ಹಿಡಿದೆಳೆದೆ. "ತಡಿ, ತಲಿ ಒಳಗ ಹಾಕಬ್ಯಾಡ" ಎಂದಷ್ಟೇ ನನ್ನ ಬಾಯಿಂದ ಬಂದದ್ದು. ಬಾಗಿಲು ಕಿಟಕಿ ತೆರೆದೆವು. ಆಮೇಲೆ ಒಂದು ಮೋಂಬತ್ತಿಯನ್ನು ಡಬ್ಬಿಯಲ್ಲಿ ನಿಲ್ಲಿಸಿ ದಾರ ಕಟ್ಟಿ ಪೆಟ್ಟಿಗೆಯೊಳಗೆ ಇಳಿಸಿದೆ. ಮರದ ಚೌಕಟ್ಟು ದಾಟಿ ನಾಲ್ಕು ಬೆರಳು ಇಳಿಯುವಷ್ಟರಲ್ಲಿ ನೀರಿನಲ್ಲಿ ಅದ್ದಿದಂತೆ ಆರಿಹೋಯಿತು. ಮತ್ತೆ ಹಚ್ಚಿ ಇಳಿಸಿದರೆ ಮತ್ತೆ ಅಲ್ಲೇ ಆರಿತು. ಅಳಿಯನ ಮುಖ ಆಗ ಬಿಳುಪೇರಿತು.

ಕಾರಣ ಲೇಖನದ ಮೊದಲ ಪ್ಯಾರಾದಲ್ಲೇ ಇದೆ. 4 ಡಿಗ್ರಿಯ ಗಾಳಿ 25 ಡಿಗ್ರಿಯ ಗಾಳಿಗಿಂತ ಸುಮಾರು ಶೇಕಡ 7-8ರಷ್ಟು ಮಾತ್ರ ಭಾರ. ಅಷ್ಟಕ್ಕೇ ಅದು ಪೆಟ್ಟಿಗೆಯಲ್ಲಿ ನಿಲ್ಲುತ್ತದೆ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಶೇಕಡ 50ಕ್ಕೂ ಹೆಚ್ಚು ಭಾರ. ತಂಪನ್ನು ಹಿಡಿದಿಡುವ ಪೆಟ್ಟಿಗೆ ಈ ಅನಿಲವನ್ನು ಅದಕ್ಕಿಂತ ಚೆನ್ನಾಗಿ ಹಿಡಿದಿಡುತ್ತದೆ. ಕೋಣೆಯಲ್ಲಿ ನಿಧಾನವಾಗಿ ಸೋರಿದ ಅನಿಲ ಗಾಳಿಯ ಅಲುಗಾಟಕ್ಕೆ ಬೆರೆತುಹೋಗುತ್ತದೆ, ಎಲ್ಲವೂ ನೆಲಕ್ಕೇ ಇಳಿದು ಕೂರುವುದಿಲ್ಲ. ಅಲುಗಾಟವಿಲ್ಲದ ಪೆಟ್ಟಿಗೆಯಲ್ಲಿ ಹಾಗಲ್ಲ. ಮುಚ್ಚಳ ತೆರೆದಿಟ್ಟರೂ ಬರೀ ವಿಸರಣೆಯಿಂದ ಅದು ಖಾಲಿಯಾಗಲು ಗಂಟೆಗಳೇ ಬೇಕು. ಶುದ್ಧ ಕಾರ್ಬನ್ ಡೈಆಕ್ಸೈಡಿನೊಳಕ್ಕೆ ತಲೆ ಹಾಕಿ ಒಂದೆರಡು ಸಲ ಉಸಿರೆಳೆದರೆ ಪ್ರಜ್ಞೆ ತಪ್ಪುತ್ತದೆ. ಪ್ರಜ್ಞೆ ತಪ್ಪಿದವನ ತಲೆ ಬೀಳುವುದು ಪೆಟ್ಟಿಗೆಯೊಳಕ್ಕೆ.

ಪೆಟ್ಟಿಗೆಯಲ್ಲಿ ಹಿಡಿಸದೆ ಉಳಿದ ಅನಿಲದ ಲೆಕ್ಕವನ್ನೂ ನೋಡಬೇಕು. 2.27 ಕಿಲೋಗ್ರಾಂ ಎಂದರೆ ಕೋಣೆಯ ತಾಪದಲ್ಲಿ ಸುಮಾರು 1.2 ಘನಮೀಟರ್, ಪೆಟ್ಟಿಗೆಯ ಗಾತ್ರದ ಆರು ಪಟ್ಟು. 3 ಮೀಟರ್ ಅಗಲ, 4 ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಮುಚ್ಚಿದ ಕೋಣೆಯಲ್ಲಿ ಅಷ್ಟೂ ಬೆರೆತರೆ ಶೇಕಡ 4 ಆಗುತ್ತದೆ. ಕಾರ್ಖಾನೆಗಳಲ್ಲಿ ಇದಕ್ಕಿಂತ ಮೇಲಿನ ಪ್ರಮಾಣವನ್ನು ಜೀವಕ್ಕೆ ತತ್‌ಕ್ಷಣದ ಅಪಾಯವೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಗುರುತಿಸಿದೆ. ಹೊರಗಿನ ಗಾಳಿಯಲ್ಲಿ ಇರುವುದು ಇದರ ನೂರರಲ್ಲಿ ಒಂದು ಪಾಲು. ಅಳಿಯನ ನೆಲಮಾಳಿಗೆ ಇದರ ಮೂರು ಪಟ್ಟು ದೊಡ್ಡದಿತ್ತು, ಮೆಟ್ಟಿಲಿಗೆ ಬಾಗಿಲೂ ಇರಲಿಲ್ಲ. ಅದಕ್ಕೇ ನಮಗೆ ಏನೂ ಆಗಲಿಲ್ಲ.

ಮೋಂಬತ್ತಿಯ ಉಪಾಯ ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ಹಗೇವಿನಿಂದ. ಗದಗಿನ ಕಡೆಯ ನಮ್ಮ ಅಜ್ಜನ ಊರಿನಲ್ಲಿ ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ಬಾಯಿಗೆ ಕಲ್ಲು ಮಣ್ಣು ಮುಚ್ಚುತ್ತಿದ್ದರು. ತೆಗೆಯುವ ಮುನ್ನ ಬಾಯಿಯನ್ನು ಬಹಳ ಹೊತ್ತು ತೆರೆದಿಟ್ಟು, ಕಂದೀಲನ್ನು ಹಗ್ಗದಲ್ಲಿ ಇಳಿಸಿ, ಅದು ಉರಿಯುತ್ತಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಕಾಳು ಮತ್ತು ಸೂಕ್ಷ್ಮಜೀವಿಗಳು ಉಸಿರಾಡಿ ಆಮ್ಲಜನಕವನ್ನು ಮುಗಿಸಿ ಕಾರ್ಬನ್ ಡೈಆಕ್ಸೈಡನ್ನು ತುಂಬಿಸಿರುತ್ತವೆ. ಹುಳು ಸತ್ತು ಜೋಳ ಉಳಿಯುವುದೂ ಅದರಿಂದಲೇ, ಆತುರದಲ್ಲಿ ಇಳಿದವರು ಸತ್ತದ್ದೂ ಅದರಿಂದಲೇ.

ಆದರೆ ಕಂದೀಲಿನ ಪರೀಕ್ಷೆಗೆ ಒಂದು ಮಿತಿಯಿದೆ. ಹಗೇವಿನಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟು ಹೆಚ್ಚುತ್ತದೋ ಆಮ್ಲಜನಕ ಸುಮಾರಾಗಿ ಅಷ್ಟೇ ಇಳಿಯುತ್ತದೆ. ಮೊದಲನೆಯದು ಶೇಕಡ 5 ಆಗುವಾಗ ಎರಡನೆಯದು 21ರಿಂದ 16ಕ್ಕೆ ಬಂದು ದೀಪ ಆರುತ್ತದೆ. ಸಿಲಿಂಡರು ಸೋರಿದ ಕೋಣೆಯಲ್ಲಿ ಹೊಸ ಅನಿಲ ಇದ್ದ ಗಾಳಿಯನ್ನು ಸ್ವಲ್ಪ ಹೊರಗೆ ತಳ್ಳುತ್ತದೆ, ಅಷ್ಟೆ. ಕಾರ್ಬನ್ ಡೈಆಕ್ಸೈಡ್ ಶೇಕಡ 4 ಆದಾಗಲೂ ಆಮ್ಲಜನಕ 20ರಲ್ಲೇ ಇರುತ್ತದೆ. ದೀಪ ನಿಶ್ಚಿಂತೆಯಿಂದ ಉರಿಯುತ್ತದೆ, ಪಕ್ಕದಲ್ಲಿ ನಿಂತವನಿಗೆ ಏದುಸಿರು ಬರುತ್ತಿರುತ್ತದೆ. ಪೆಟ್ಟಿಗೆ ಅನಿಲದಿಂದಲೇ ತುಂಬಿದ್ದರಿಂದ ಅಂದು ಮೋಂಬತ್ತಿ ಆರಿತು. ಕೋಣೆಯ ಮಟ್ಟಿಗೆ ಅದು ಯಾವ ಸಾಕ್ಷಿಯನ್ನೂ ಹೇಳಲಾರದು. ಅಲ್ಲಿಗೆ ಕಾರ್ಬನ್ ಡೈಆಕ್ಸೈಡನ್ನೇ ಅಳೆಯುವ ಎಚ್ಚರಿಕೆ ಯಂತ್ರ ಬೇಕು. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿರುವ ಹೊಗೆಯ ಯಂತ್ರವಾಗಲಿ ಕಾರ್ಬನ್ ಮೊನಾಕ್ಸೈಡಿನ ಯಂತ್ರವಾಗಲಿ ಇದಕ್ಕೆ ಕೂಗುವುದಿಲ್ಲ.

ಸೋರಿದ್ದು ಎಲ್ಲಿಂದ? ರೆಗ್ಯುಲೇಟರಿಗೂ ಸಿಲಿಂಡರಿಗೂ ನಡುವೆ ಇರಬೇಕಾದ, ಎಂಟಾಣೆಯಷ್ಟು ಅಗಲದ ನೈಲಾನ್ ವಾಷರು ಕೆಳಗೆ ಬಿದ್ದಿತ್ತು. ಕೈಯಲ್ಲಿ ಬಿಗಿಯುವಾಗ ಎಲ್ಲ ಸರಿಯಿದೆ ಎನಿಸುತ್ತದೆ. ಸಿಲಿಂಡರು ಬದಲಿಸಿದಾಗಲೆಲ್ಲ ನಮ್ಮ ಗೃಹಿಣಿಯರು ಗ್ಯಾಸಿಗೆ ಮಾಡುವಂತೆ ಸಾಬೂನು ನೀರು ಸವರಿ ಗುಳ್ಳೆ ಬರುತ್ತದೆಯೇ ಎಂದು ನೋಡಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಟೇಬಲ್ ಫ್ಯಾನನ್ನು ಪೆಟ್ಟಿಗೆಯೊಳಕ್ಕೆ ಮುಖ ಮಾಡಿ ಅರ್ಧ ಗಂಟೆ ಓಡಿಸಿದೆವು. ಭಾರದ ಅನಿಲ ತಾನಾಗಿ ಹತ್ತಿ ಬರಲಾರದು, ಊದಿಯೇ ಹೊರಹಾಕಬೇಕು. ಮೋಂಬತ್ತಿ ತಳದವರೆಗೂ ಉರಿದ ಮೇಲೂ ಇನ್ನೊಂದಷ್ಟು ಹೊತ್ತು ಬಿಟ್ಟು, ತಲೆ ಹೊರಗಿಟ್ಟುಕೊಂಡೇ ಸಿಲಿಂಡರನ್ನು ಎತ್ತಿದೆವು. ಮಧ್ಯಾಹ್ನ ಅಳಿಯ ಮರದ ಚೌಕಟ್ಟಿನ ಹಿಂಬದಿಗೆ ಒಂದು ರಂಧ್ರ ಕೊರೆದು ಅನಿಲದ ಕೊಳವೆಯನ್ನು ಅದರಲ್ಲಿ ತೂರಿಸಿದ. ಸಿಲಿಂಡರು ಈಗ ಪೆಟ್ಟಿಗೆಯ ಹೊರಗೆ, ಉರುಳದಂತೆ ಗೋಡೆಗೆ ಸರಪಳಿಯಲ್ಲಿ ಕಟ್ಟಿಸಿಕೊಂಡು ನಿಂತಿದೆ. ರಾತ್ರಿ ಮಲಗುವ ಮುನ್ನ ಅದರ ತಿರುಪನ್ನು ಮುಚ್ಚುತ್ತಾನೆ. ಹೊರಗಿಟ್ಟದ್ದರಿಂದ ಒಳಗೆ ಇನ್ನೊಂದು ಪೀಪಾಯಿಗೆ ಜಾಗವಾಯಿತು ಎಂದು ಆಮೇಲೆ ಪತ್ರ ಬರೆದಿದ್ದ. ಆ ಮೂರನೆಯ ನಲ್ಲಿಯಲ್ಲಿ ಮಗಳಿಗೆಂದು ಶುಂಠಿ ಸೋಡಾ ಬರುತ್ತದಂತೆ. ಮೊದಲ ಲೋಟದಲ್ಲಿ ಮಾತ್ರ ಈಗಲೂ ಸ್ವಲ್ಪ ನೊರೆ ಹೆಚ್ಚು. ನಲ್ಲಿಯ ಲೋಹ ಕೋಣೆಯ ಗಾಳಿಗೆ ಚಾಚಿಕೊಂಡು ಬೆಚ್ಚಗಿರುವುದರಿಂದ ಅದು ಪೂರ್ತಿ ಹೋಗುವುದಿಲ್ಲ ಎಂದು ಉತ್ತರ ಬರೆದೆ.